ಗೇನ್ ಇಳಿಸಿದ ಭಾನುವಾರ

2025 ನವೆಂಬರ್ 16, ಭಾನುವಾರ

ಸಿಡಿ ಪ್ಲೇಯರ್‌ನಂಥ ಸಾಧನಕ್ಕೂ ಸ್ಪೀಕರ್ ಓಡಿಸುವ ಪವರ್ ಆಂಪ್‌ಗೂ ನಡುವೆ ಕೂರುವ ನನ್ನ ಪ್ರಿಆಂಪ್ ಇವತ್ತು ಮತ್ತೆ ಮೇಜಿನ ಮೇಲೆ ಬಿಚ್ಚಿಕೊಂಡಿದೆ. ಒಳಗಿರುವ ಆಪ್-ಆಂಪ್, ಅಂದರೆ ಸಿಗ್ನಲನ್ನು ದೊಡ್ಡದು ಮಾಡುವ ಚಿಪ್, ಹಳೆಯ ಎನ್‌ಇ5532. ಸಾಕೆಟ್‌ನಲ್ಲಿ ಕುಳಿತಿರುವುದರಿಂದ ಅದನ್ನು ಕಿತ್ತು ಎಲ್‌ಎಂ4562 ಕೂರಿಸುವುದು ಅರ್ಧ ನಿಮಿಷದ ಕೆಲಸ. ಮನೆಯಲ್ಲೇ ಪ್ರಿಆಂಪ್ ಕಟ್ಟಿಕೊಂಡವರು ಸುಧಾರಣೆ ಎಂದ ಕೂಡಲೇ ಕೈಹಾಕುವುದು ಅಲ್ಲಿಗೇ. ನಾನು ಮೊದಲು ಲೆಕ್ಕ ಹಾಕಿದೆ, ಆಮೇಲೆ ಚಿಪ್ಪನ್ನು ಇದ್ದಲ್ಲಿಯೇ ಬಿಟ್ಟೆ.

ಲೆಕ್ಕ ಹೀಗಿದೆ. ನನ್ನ ವಾಲ್ಯೂಮ್ ಕಂಟ್ರೋಲ್ 50 ಕಿಲೋ ಓಮ್‌ನದು. ಸಿಗ್ನಲ್ ಅರ್ಧಕ್ಕೆ ಇಳಿಯುವ ಜಾಗದಲ್ಲಿ ಅದನ್ನು ನಿಲ್ಲಿಸಿದರೆ ಆಪ್-ಆಂಪ್‌ಗೆ ಕಾಣುವ ರೆಸಿಸ್ಟೆನ್ಸ್ 12.5 ಕಿಲೋ ಓಮ್. ಅಷ್ಟು ರೆಸಿಸ್ಟೆನ್ಸ್ ಸುಮ್ಮನೆ ಇದ್ದರೂ, ಉಷ್ಣದ ಕಾರಣದಿಂದಲೇ, ಪ್ರತಿ ವರ್ಗಮೂಲ ಹರ್ಟ್ಸ್‌ಗೆ (ಗದ್ದಲ ಅಳೆಯುವ ಏಕಮಾನ ಇದು; ಮುಂದಿನ ಅಂಕಿಗಳೂ ಇದರಲ್ಲೇ) ಸುಮಾರು 14 ನ್ಯಾನೋವೋಲ್ಟ್ ಗದ್ದಲ, ಅಂದರೆ ಸಂಗೀತದ ಹಿಂದೆ ಸುಯ್ ಎನ್ನುವ ಬೇಡದ ಸಿಗ್ನಲ್, ಹುಟ್ಟಿಸುತ್ತದೆ. 5532ರ ಸ್ವಂತ ಗದ್ದಲ 5 ನ್ಯಾನೋವೋಲ್ಟ್, 4562ರದು 2.7. ಕಾಗದದ ಮೇಲೆ ಎರಡನೆಯದೇ ಗೆದ್ದಂತೆ ಕಾಣುತ್ತದೆ. ಆದರೆ ಪ್ರತಿ ಆಪ್-ಆಂಪ್‌ಗೂ ವೋಲ್ಟೇಜ್ ಗದ್ದಲದ ಜೊತೆಗೆ ಕರೆಂಟ್ ಗದ್ದಲವೂ ಇರುತ್ತದೆ. 5532ರಲ್ಲಿ ಅದು 0.7 ಪಿಕೋಆಂಪಿಯರ್, 4562ರಲ್ಲಿ 1.6. ಅದನ್ನು 12.5 ಕಿಲೋ ಓಮ್‌ನಿಂದ ಗುಣಿಸಿ, ಎಲ್ಲವನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 5532ಕ್ಕೆ ಸುಮಾರು 17.5 ನ್ಯಾನೋವೋಲ್ಟ್, 4562ಕ್ಕೆ ಸುಮಾರು 25. ಹೊಸ ಚಿಪ್ ಹಾಕಿದ್ದರೆ ಗದ್ದಲ ಹೆಚ್ಚಾಗುತ್ತಿತ್ತು! ಅದೇ ವಾಲ್ಯೂಮ್ ಕಂಟ್ರೋಲನ್ನು 10 ಕಿಲೋ ಓಮ್‌ಗೆ ಇಳಿಸಿದರೆ ಎರಡೂ ಚಿಪ್‌ಗಳು 8ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಬದಲಾಯಿಸಬೇಕಾದದ್ದು ಯಾವುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

10 ಕಿಲೋ ಓಮ್‌ನ ಜೋಡಿ ವಾಲ್ಯೂಮ್ ಕಂಟ್ರೋಲ್ ಬೆಸುಗೆ ಹಾಕಿದೆ. ಇದರ ಹಿಂದೆಯೇ ಇನ್ನೊಂದು ಕೆಲಸ ಬರುತ್ತದೆ. ಒಳಬರುವ ದಾರಿಯಲ್ಲಿದ್ದ 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಕಿಲೋ ಓಮ್ ಜೊತೆಗೆ 7 ಹರ್ಟ್ಸ್‌ವರೆಗೆ ಇಳಿಯುತ್ತಿತ್ತು. 10 ಕಿಲೋ ಓಮ್ ಜೊತೆಗೆ ಅದು 34 ಹರ್ಟ್ಸ್‌ನಲ್ಲೇ ಸೋಲುತ್ತದೆ, ಅಂದರೆ ಮಂದ್ರ ಸ್ವರಗಳ ಬುಡವೇ ಸವೆದುಹೋಗುತ್ತದೆ. ಆದ್ದರಿಂದ 4.7 ಮೈಕ್ರೋಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದೆ. ಈಗ ಮಿತಿ 3.4 ಹರ್ಟ್ಸ್. ಗಾತ್ರ ದೊಡ್ಡದು, ಹಳೆಯ ರಂಧ್ರಗಳಿಗೆ ಕಾಲು ಬಗ್ಗಿಸಿ ಕೂರಿಸಬೇಕಾಯಿತು. ಆಡಿಯೋಗಾಗಿಯೇ ಎಂದು ಮಾರುವ ದುಬಾರಿ ಕೆಪಾಸಿಟರ್‌ಗಳ ಮೇಲೆ ನನಗೆ ನಂಬಿಕೆ ಇಲ್ಲ. ಮೌಲ್ಯ ಸಾಕಷ್ಟು ದೊಡ್ಡದಿದ್ದು, ಕೆಪಾಸಿಟರ್‌ನ ಎರಡು ತುದಿಗಳ ನಡುವೆ ಸಿಗ್ನಲ್ ವೋಲ್ಟೇಜ್ ಬೀಳದಂತಿದ್ದರೆ ಅದು ಸ್ವರಕ್ಕೆ ಬಣ್ಣ ಬಳಿಯಲು ಅವಕಾಶವೇ ಇರುವುದಿಲ್ಲ.

ಮಧ್ಯಾಹ್ನ ಗೇನ್, ಅಂದರೆ ಪ್ರಿಆಂಪ್ ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು. ಮೂಲ ವಿನ್ಯಾಸದಲ್ಲಿ ಅದು 10 ಪಟ್ಟು, ಅಂದರೆ 20 ಡೆಸಿಬಲ್. ಸಿಡಿ ಪ್ಲೇಯರ್ ತಾನೇ 2 ವೋಲ್ಟ್ ಕೊಡುತ್ತದೆ. ನನ್ನ ಪವರ್ ಆಂಪ್‌ಗೆ ಪೂರ್ಣ ಶಕ್ತಿಗೆ 1 ವೋಲ್ಟ್ ಸಾಕು. ಹೀಗಿರುವಾಗ 10 ಪಟ್ಟು ಏಕೆ? ಅದರಿಂದಾಗಿ ವಾಲ್ಯೂಮ್ ಗುಂಡಿ ಯಾವಾಗಲೂ ತೀರಾ ಕೆಳತುದಿಯಲ್ಲೇ ನಿಲ್ಲುತ್ತಿತ್ತು. ಜೋಡಿ ವಾಲ್ಯೂಮ್ ಕಂಟ್ರೋಲ್‌ನ ಎಡ-ಬಲ ಟ್ರ್ಯಾಕ್‌ಗಳು ಅತಿ ಹೆಚ್ಚು ಏರುಪೇರಾಗುವುದು ಅಲ್ಲೇ. ಕಡಿಮೆ ಧ್ವನಿಯಲ್ಲಿ ಕೇಳುವಾಗ ಗಾಯಕರು ಎಡಕ್ಕೆ ಸರಿದು ನಿಂತಂತೆ ಕೇಳಿಸುತ್ತಿದ್ದುದಕ್ಕೆ ಕಾರಣ ಇದು. ಗೇನ್ ನಿರ್ಧರಿಸುವ, ಫೀಡ್‌ಬ್ಯಾಕ್‌ನ ಎರಡೂ ರೆಸಿಸ್ಟರ್‌ಗಳನ್ನು 2.2 ಕಿಲೋ ಓಮ್ ಮಾಡಿದೆ. ಗೇನ್ ಈಗ 2 ಪಟ್ಟು. ಗುಂಡಿಯ ನಂತರ ಹುಟ್ಟುವ ಗದ್ದಲವೂ ಇದರೊಂದಿಗೆ 14 ಡೆಸಿಬಲ್ ಇಳಿಯಿತು. ಅರ್ಧ ವೋಲ್ಟ್ ಮಾತ್ರ ಕೊಡುವ ಸಾಧನ ಜೋಡಿಸಿದರೂ ಪವರ್ ಆಂಪ್‌ಗೆ ಬೇಕಾದ 1 ವೋಲ್ಟ್ ಸಿಗುತ್ತದೆ.

ಉಳಿದದ್ದು ಝೇಂಕಾರ. ಸ್ಪೀಕರ್‌ಗೆ ಕಿವಿಗೊಟ್ಟರೆ ಕೇಳಿಸುತ್ತಿದ್ದುದು 50 ಹರ್ಟ್ಸ್‌ನ ಮೃದುವಾದ ಗುಂಯ್ ಅಲ್ಲ, 100 ಹರ್ಟ್ಸ್‌ನ ಚೂಪಾದ ಝುಂಯ್. ಮೊದಲನೆಯದಾದರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಅನುಮಾನಿಸಬೇಕು. ಎರಡನೆಯದರ ಮೂಲ ಸಾಮಾನ್ಯವಾಗಿ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನಿಂದ, ಆ ಡಿಸಿಯ ಏರಿಳಿತ ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗೆ ನುಗ್ಗುವ ಕರೆಂಟ್. ಆ ಕರೆಂಟ್ ಹರಿಯುವ ತಂತಿಯ ತುಂಡಿನಲ್ಲಿಯೇ ಸಿಗ್ನಲ್ ಗ್ರೌಂಡ್ (ಸಿಗ್ನಲ್ ಅಳೆಯುವ ಸೊನ್ನೆ ವೋಲ್ಟ್ ತಂತಿ) ಕೂಡ ಸೇರಿಕೊಂಡಿತ್ತು. ಟ್ರಾನ್ಸ್‌ಫಾರ್ಮರ್‌ನ ನಡುತಂತಿಯನ್ನು ನೇರವಾಗಿ ಎರಡು ಫಿಲ್ಟರ್ ಕೆಪಾಸಿಟರ್‌ಗಳ ಸಂಧಿಗೆ ತಂದೆ. ಅಲ್ಲಿಂದ ಬೇರೊಂದೇ ತಂತಿ ಎಳೆದು, ಅದರ ತುದಿಯಲ್ಲಿ ಎಲ್ಲ ಸಿಗ್ನಲ್ ಗ್ರೌಂಡ್‌ಗಳನ್ನು ಕೂಡಿಸಿದೆ. ಝುಂಯ್ ಹೋಯಿತು. ಇಡೀ ದಿನದ ಕೆಲಸಗಳಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಈ ಒಂದು ತಂತಿ.

ಆಪ್-ಆಂಪ್‌ಗೆ ವಿದ್ಯುತ್ ಬರುವ 4 ಮತ್ತು 8ನೇ ಕಾಲುಗಳ ನಡುವೆ 100 ನ್ಯಾನೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರನ್ನು ಬೋರ್ಡಿನ ಅಡಿಯಲ್ಲಿ, ಕಾಲಿಗೆ ತಾಗಿದಂತೆ ಹಾಕಿದ್ದೇನೆ.

ಸ್ವಿಚ್ ಹಾಕಿದಾಗ ಬರುವ ಧಡ್ ಎಂಬ ಸದ್ದು ಇನ್ನೂ ಇದೆ. ಅದಕ್ಕೆ ಔಟ್‌ಪುಟ್‌ನಲ್ಲಿ ರಿಲೇ, ಅಂದರೆ ವಿದ್ಯುತ್‌ನಿಂದ ನಡೆಯುವ ಸ್ವಿಚ್, ಬೇಕು: ಹಾಕಿದಾಗ ಕೆಲವು ಸೆಕೆಂಡ್ ತಡೆದು ಸೇರಿಸಬೇಕು, ಆರಿಸಿದಾಗ ಫಿಲ್ಟರ್ ಕೆಪಾಸಿಟರ್‌ಗಳು ಬರಿದಾಗುವ ಮುನ್ನವೇ ಕತ್ತರಿಸಬೇಕು. ಎರಡನೆಯದಕ್ಕೆ ಸೂಚನೆಯನ್ನು ಟ್ರಾನ್ಸ್‌ಫಾರ್ಮರ್‌ನ ಎಸಿ ಕಡೆಯಿಂದಲೇ ತೆಗೆದುಕೊಳ್ಳಬೇಕಾಗುತ್ತದೆ. ಮುಂದಿನ ಭಾನುವಾರ ಆ ಸರ್ಕ್ಯೂಟ್ ಬರೆಯುತ್ತೇನೆ.