ಅಚ್ಚನ್ನೇ ತಿನ್ನುವ ಲೋಹ

ಹೋದ ಮಳೆಗಾಲದಲ್ಲಿ ಪೀಣ್ಯದ ನಮ್ಮ ಲೋಹ ಪರೀಕ್ಷೆಯ ಲ್ಯಾಬಿಗೆ ಟೈಟಾನಿಯಂ ಎರಕದ ಒಂದು ಬ್ರಾಕೆಟ್ ಬಂತು. ಅಂಗೈಯಷ್ಟು ಅಗಲ. ಒಂದು ಕಡೆ ದಪ್ಪನೆಯ ಬಾಸ್ (ಉಬ್ಬಿದ ಗಟ್ಟಿ ಭಾಗ), ಅದರಿಂದ ಹೊರಟ ತೆಳು ರೆಕ್ಕೆ. ಎರಡೂ ಸೇರುವ ಮೂಲೆಯಲ್ಲಿ ಒಂದು ಬಿರುಕು. ಬರಿಗಣ್ಣಿಗೆ ಕಾಣುವುದಿಲ್ಲ. ಪೆನಿಟ್ರಂಟ್ (ಬಿರುಕಿನೊಳಗೆ ಇಳಿಯುವ ಹೊಳೆಯುವ ದ್ರವ) ಹಚ್ಚಿ ಯುವಿ ದೀಪದ ಕೆಳಗೆ ಹಿಡಿದರೆ ಹಸಿರಾಗಿ ಹೊಳೆಯುತ್ತದೆ.

ಮಷೀನಿಂಗ್‌ನವರು ವೈಸ್‌ನಲ್ಲಿ ಜಾಸ್ತಿ ಬಿಗಿದು ಒಡೆದಿದ್ದಾರೆ ಅಂತ ಎರಕದವರ ವಾದ. ಬಂದದ್ದೇ ಹೀಗೆ ಅಂತ ಮಷೀನಿಂಗ್‌ನವರದು. ಮೇಲ್‌ಗಳಲ್ಲಿ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಬಹಳ ಮರ್ಯಾದೆ ಕೊಟ್ಟಿದ್ದರು.

ಎರಕದ ಕಡೆಯಿಂದ ಕ್ವಾಲಿಟಿ ನೋಡಿಕೊಳ್ಳುವ ಹಿರಿಯರೊಬ್ಬರು ತಾವೇ ಬಂದು ಕೂತರು. ಬೆಳಗಾವಿಯ ಕಬ್ಬಿಣದ ಫೌಂಡ್ರಿಗಳಲ್ಲಿ ಅರ್ಧ ಆಯುಷ್ಯ ಕಳೆದವರು. ಟೈಟಾನಿಯಂಗೆ ಹೊಸಬರು. 'ನಾ ಇಲ್ಲೇ ಕೂಡ್ತೀನ್ರೀ ಮೇಡಂ, ನೀವು ನಿಮ್ಮ ಕೆಲಸ ಮಾಡ್ರಿ' ಅಂದರು. ಪಕ್ಕದಲ್ಲಿ ಒಬ್ಬರು ಕೂತು ನೋಡುತ್ತಿದ್ದರೆ ನನಗೆ ಕಿರಿಕಿರಿ. ಆದರೆ ಇವರು ಟೀ ಬಿಟ್ಟು ಬೇರೇನೂ ಕೇಳಲಿಲ್ಲ.

ಟೈಟಾನಿಯಂ ಕತ್ತರಿಸುವುದು ನಿಧಾನದ ಕೆಲಸ. ಬಿಸಿಯನ್ನು ಬೇಗ ಬಿಟ್ಟುಕೊಡುವ ಲೋಹ ಅಲ್ಲ ಅದು. ಕೂಲೆಂಟ್ ಧಾರಾಳವಾಗಿ ಬಿಟ್ಟುಕೊಂಡು ಬಾಸಿನ ಮೂಲೆಯಿಂದ ಒಂದು ತುಂಡು, ರೆಕ್ಕೆಯಿಂದ ಒಂದು ತುಂಡು ತೆಗೆದೆ. ಮಾಮೂಲಿ ಬೇಕಲೈಟ್‌ನಲ್ಲಿ ಕೂರಿಸಿದರೆ ಪಾಲಿಶ್ ಮಾಡುವಾಗ ಅಂಚು ದುಂಡಗಾಗಿಬಿಡುತ್ತದೆ. ಇಲ್ಲಿ ನೋಡಬೇಕಾದದ್ದೇ ಅಂಚು. ಹಾಗಾಗಿ ಗಾಜಿನ ಪುಡಿ ಬೆರೆತ ಗಟ್ಟಿ ಎಪಾಕ್ಸಿಯಲ್ಲಿ ಕೂರಿಸಿದೆ. ಕೊನೆಯ ಪಾಲಿಶ್‌ಗೆ ಕೊಲಾಯ್ಡಲ್ ಸಿಲಿಕಾ (ಸಿಲಿಕಾನ್ ಆಕ್ಸೈಡಿನ ಅತಿಸಣ್ಣ ಕಣಗಳು ತೇಲುವ ದ್ರವ), ಜೊತೆಗೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್. ಇಲ್ಲಿ ಬಟ್ಟೆಯ ಮೇಲೆ ಈ ಸಿಲಿಕಾ ಟೈಟಾನಿಯಂನ ಮೈಯನ್ನು ನಯ ಮಾಡುತ್ತದೆ ಅಷ್ಟೆ. ತಣ್ಣಗಿರುವ ಟೈಟಾನಿಯಂ ಬಲು ಸಾಧು. ಮೈಮೇಲೆ ತೆಳ್ಳಗೆ ಆಕ್ಸೈಡ್ ಹೊದ್ದುಕೊಂಡು ಸುಮ್ನೆ ಇರುತ್ತದೆ. ಅದಕ್ಕೇ ಅಲ್ವಾ ಮನುಷ್ಯರ ಮೂಳೆಯೊಳಗೂ ಕೂರಿಸುವುದು! ಕರಗಿದಾಗಿನ ಕಥೆಯೇ ಬೇರೆ.

ಎಚಿಂಗ್‌ಗೆ, ಅಂದರೆ ಲೋಹದ ಒಳರಚನೆ ಕಾಣುವಂತೆ ಆಸಿಡ್‌ನಿಂದ ಮೈ ತಿನ್ನಿಸಲು, ಕ್ರಾಲ್ ದ್ರಾವಣ. ಲಕ್ಸೆಂಬರ್ಗ್‌ನ ವಿಲಿಯಂ ಕ್ರಾಲ್ ಹೆಸರಿನದು. ಅದಿರಿನಿಂದ ಟೈಟಾನಿಯಂ ತೆಗೆಯುವ, ಇವತ್ತಿಗೂ ನಡೆಯುತ್ತಿರುವ ವಿಧಾನ ಅವರದೇ. ದ್ರಾವಣದಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇದೆ. ಚರ್ಮಕ್ಕೆ ತಾಗಿದರೆ ತಕ್ಷಣ ಉರಿ ಗೊತ್ತಾಗದೆ ಒಳಗಿಳಿಯುವಂಥದ್ದು. ಆ ಶೆಲ್ಫಿನಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇಲ್ಲದೆ ನಾವು ಬಾಟಲಿ ತೆರೆಯುವುದಿಲ್ಲ. ಆಮೇಲೆ ಅಮೋನಿಯಂ ಬೈಫ್ಲೋರೈಡ್‌ನಲ್ಲಿ ಇನ್ನೊಮ್ಮೆ ಅದ್ದಿದೆ. ಇದರಲ್ಲಿ ಒಳಗಿನ ಲೋಹ ಕಪ್ಪಾಗುತ್ತದೆ. ಆಕ್ಸಿಜನ್ ಸೇರಿದ ಭಾಗ ಬೆಳ್ಳಗೆ ಉಳಿಯುತ್ತದೆ.

ಮೈಕ್ರೋಸ್ಕೋಪಿನಲ್ಲಿ ರೆಕ್ಕೆಯ ತುಂಡು ಅಂಚಿನವರೆಗೂ ಕಪ್ಪು. ಬಾಸಿನ ಮೂಲೆಯಲ್ಲಿ ಮಾತ್ರ ಬಿಳಿ ಪಟ್ಟಿ. ಸುಮಾರು 0.1 ಮಿಲಿಮೀಟರ್. ಅದರಲ್ಲಿ ಅಂಚಿಗೆ ನೇರವಾಗಿ ನಿಂತ ಸಣ್ಣ ಸಣ್ಣ ಸೀಳುಗಳು. ಅವುಗಳಲ್ಲೊಂದು ಆ ಬಿಳಿ ಪಟ್ಟಿಯನ್ನು ದಾಟಿ ಒಳಗೆ ಹೋಗಿದೆ. ಪೆನಿಟ್ರಂಟ್‌ನಲ್ಲಿ ಹಸಿರಾಗಿ ಕಂಡದ್ದು ಅದೇ.

ಸರ್ ಬಗ್ಗಿ ನೋಡಿದರು. 'ಇದು ಡೀಕಾರ್ಬ್ ಇದ್ದಂಗ ಐತಲ್ರೀ.'

ಉಕ್ಕಿನವರು ಯಾರೇ ಆದರೂ ಹಾಗೇ ಹೇಳುತ್ತಾರೆ. ಬಿಸಿಯಲ್ಲಿ ಉಕ್ಕಿನ ಮೈಯಿಂದ ಕಾರ್ಬನ್ ಹೋದರೆ ಅಂಚು ಹೀಗೇ ಬೆಳ್ಳಗೆ ಕಾಣುತ್ತದೆ. ಆದರೆ ಅದು ಮೆತ್ತಗಾದ ಪದರ. ಇದು ಅದರ ಉಲ್ಟಾ. ಬಾಯಿಮಾತಿಗಿಂತ ತೋರಿಸುವುದೇ ಸಲೀಸು ಅಂತ ಮೈಕ್ರೋಹಾರ್ಡ್‌ನೆಸ್ ಮಷೀನಿಗೆ ತುಂಡು ಹಾಕಿದೆ. ವಜ್ರದ ಮೊನೆ ಅಂಚಿನ ಹತ್ತಿರ ಒತ್ತಿದ ಗುರುತು ಚಿಕ್ಕದು. ಒಳಗೆ ಹೋದಂತೆ ಗುರುತು ದೊಡ್ಡದಾಗುತ್ತಾ ಬಂತು. ಗುರುತು ಚಿಕ್ಕದಿದ್ದಷ್ಟೂ ಲೋಹ ಗಟ್ಟಿ. ಗಡಸುತನದ ಅಳತೆ ಅಂಚಿನಲ್ಲಿ ವಿಕರ್ಸ್ 600 ದಾಟಿತ್ತು. ಒಳಗೆ 340ರ ಆಸುಪಾಸಿನಲ್ಲಿ ನಿಂತಿತು. ನೂರಕ್ಕೆ ಆರು ಭಾಗ ಅಲ್ಯೂಮಿನಿಯಂ, ನಾಲ್ಕು ಭಾಗ ವನೇಡಿಯಂ ಇರುವ ಈ ಮಿಶ್ರಲೋಹಕ್ಕೆ, ನಮ್ಮವರು ಸಿಕ್ಸ್-ಫೋರ್ ಅನ್ನುವುದಕ್ಕೆ, ಅದು ಸಹಜ.

ಈ ಗಟ್ಟಿ ಬಿಳಿ ಪದರಕ್ಕೆ ಆಲ್ಫಾ ಕೇಸ್ ಅಂತಾರೆ. ಟೈಟಾನಿಯಂ ಕರಗುವುದು 1668 ಡಿಗ್ರಿಗೆ. ಆ ಬಿಸಿಯಲ್ಲಿ ಅದಕ್ಕೆ ಆಕ್ಸಿಜನ್ ಅಂದರೆ ಹಸಿವು. ಗಾಳಿ ಸಿಗದಿರಲಿ ಅಂತ ವ್ಯಾಕ್ಯೂಮ್‌ನಲ್ಲಿ ಸುರಿಯುತ್ತಾರೆ ಸರಿ, ಆದರೆ ಅಚ್ಚೇ ಆಕ್ಸೈಡಿನದ್ದು. ಸಿಲಿಕಾ ಸಿಕ್ಕರೆ ಅದರ ಆಕ್ಸಿಜನ್ ಕಿತ್ತುಕೊಳ್ಳುತ್ತದೆ. ಬಿಡುಗಡೆಯಾದ ಸಿಲಿಕಾನ್ ಕೂಡ ಲೋಹಕ್ಕೇ ಸೇರುತ್ತದೆ. ಅಲ್ಯೂಮಿನಾ ಇದ್ದರೂ ಕಥೆ ಅದೇ. ಬಂದ ಆಕ್ಸಿಜನ್ ಪರಮಾಣುಗಳ ಸಂದಿಯಲ್ಲಿ ಕೂತು ಲೋಹವನ್ನು ಬಗ್ಗದೆ ಸೀಳುವಷ್ಟು ಬಿರುಸು ಮಾಡುತ್ತದೆ. ತುಕ್ಕಿನ ಹಾಗೆ ಕೆರೆದು ತೆಗೆಯಲು ಆಗುವುದಿಲ್ಲ. ಗೋಡೆಗೆ ತೇವ ಏರಿದ ಹಾಗೆ, ಎಲ್ಲಿ ಮುಗಿಯಿತು ಅನ್ನುವ ಗೆರೆ ಇರುವುದಿಲ್ಲ.

'ಉಕ್ಕು ಸುರಿದ್ರ ಅಚ್ಚು ಅಚ್ಚಾಗೇ ಇರ್ತೈತಿ. ಇದೇನ್ರೀ ಇದು, ಅಚ್ಚನ್ನ ತಿಂತೈತಿ' ಅಂದರು ಸರ್. ಒಂದಿಡೀ ಪಠ್ಯಪುಸ್ತಕದ ಅಧ್ಯಾಯವನ್ನು ಇಷ್ಟರಲ್ಲೇ ಮುಗಿಸಿದರು ಅಂತ ನನಗೆ ಖುಷಿಯಾಯಿತು.

ಅವರಿಗೆ ಇನ್ನೊಂದು ಅನುಮಾನ ಇತ್ತು. 'ಇಷ್ಟು ತೆಳ್ಳಗಿನ ಪದರ ಏನ್ ಮಾಡೀತು?' ವಿಮಾನದವರು ಇದಕ್ಕೆ ಯಾಕೆ ಹೆದರುತ್ತಾರೆ ಅಂತ ಹೇಳಲು ನಾನು 1989ರ ಜುಲೈ 19ರ ಕಥೆ ಹೇಳಿದೆ. ಅಮೆರಿಕದ ಸೂ ಸಿಟಿಯಲ್ಲಿ ಒಂದು ಡಿಸಿ-10 ವಿಮಾನ ನೆಲಕ್ಕಪ್ಪಳಿಸಿ ನೂರಕ್ಕೂ ಹೆಚ್ಚು ಜನ ಸತ್ತರು. ಬಾಲದ ಎಂಜಿನ್ನಿನ ಟೈಟಾನಿಯಂ ಫ್ಯಾನ್ ಡಿಸ್ಕ್ ಗಾಳಿಯಲ್ಲೇ ಒಡೆದು ಹೈಡ್ರಾಲಿಕ್ ಕೊಳವೆಗಳನ್ನೆಲ್ಲ ಕತ್ತರಿಸಿತ್ತು. ಅದು ಎರಕದ ತುಂಡಲ್ಲ, ಅಚ್ಚಿನ ತಪ್ಪೂ ಅಲ್ಲ. ಲೋಹ ಕರಗಿಸುವಾಗಲೇ ಒಳಗೆ ಉಳಿದ, ನೈಟ್ರೋಜನ್ ಸೇರಿದ ಒಂದು ಸಣ್ಣ ಬಿರುಸು ಚುಕ್ಕೆ. ಬಿರುಕು ಅಲ್ಲಿ ಹುಟ್ಟಿ ವರ್ಷಗಟ್ಟಲೆ ಬೆಳೆದಿತ್ತು. ದಾರಿ ಬೇರೆ, ಸ್ವಭಾವ ಒಂದೇ. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಫೈಲ್ ತೆಗೆದರು. 'ಕೆಮಿಕಲ್ ಮಿಲ್ಲಿಂಗ್ ಮಾಡೇ ಕಳಿಸೀವ್ರೀ. ರೆಕಾರ್ಡ್ ಐತಿ. ಎಲ್ಲಾ ಕಡೆ ಕಾಲು ಮಿಲಿಮೀಟರ್ ತಗದೀವಿ.'

ತಗಾದೆಯ ಗಂಟು ಇದ್ದದ್ದು ಇಲ್ಲೇ. ಹೈಡ್ರೋಫ್ಲೋರಿಕ್, ನೈಟ್ರಿಕ್ ಆಸಿಡ್‌ಗಳ ತೊಟ್ಟಿಯಲ್ಲಿ ಮುಳುಗಿಸಿದರೆ ಎಲ್ಲಾ ಕಡೆ ಹೆಚ್ಚುಕಡಿಮೆ ಸಮನಾಗಿ ಕರಗುತ್ತದೆ. ಆಲ್ಫಾ ಕೇಸ್ ಮಾತ್ರ ಸಮನಾಗಿ ಬೆಳೆದಿರುವುದಿಲ್ಲ. ತೆಳು ರೆಕ್ಕೆ ಬೇಗ ತಣಿಯುತ್ತದೆ, ಅಲ್ಲಿ ಪದರ ತೆಳು. ದಪ್ಪ ಬಾಸ್ ಅಚ್ಚಿಗೆ ಅಂಟಿಕೊಂಡು ಬಹಳ ಹೊತ್ತು ಬಿಸಿಯಾಗಿರುತ್ತದೆ, ಅಲ್ಲಿ ಪದರ ಆಳ. ರೆಕ್ಕೆಗೆ ಸಾಕಾದ ಕಾಲು ಮಿಲಿಮೀಟರ್ ಬಾಸಿಗೆ ಸಾಲಲಿಲ್ಲ. ಎರಕ ಸ್ವಲ್ಪ ಬಾಗಿದ್ದನ್ನು ನೆಟ್ಟಗೆ ಮಾಡಲು ಪ್ರೆಸ್‌ನಲ್ಲಿ ಒತ್ತಿದ್ದರು ಅನ್ನುವುದೂ ಅದೇ ಫೈಲಿನಲ್ಲಿತ್ತು. ಉಳಿದ ಬಿರುಸು ಪದರ ಅಷ್ಟಕ್ಕೇ ಸೀಳಿದೆ. ಸೀಳುಗಳ ಒಳಗೋಡೆಯಲ್ಲಿ ಆಸಿಡ್ ತಿಂದ ಗುರುತಿಲ್ಲ. ಅಂದರೆ ಆಸಿಡ್ ಆದ ಮೇಲೆ ಒಡೆದದ್ದು.

'ಹಂಗಾರ ಇನ್ನೂ ಸ್ವಲ್ಪ ಹೊತ್ತು ಆಸಿಡ್‌ನ್ಯಾಗ ಇಡೋದು' ಅಂದರು. ಹಾಗೆ ಮಾಡಿದರೆ ರೆಕ್ಕೆ ಡ್ರಾಯಿಂಗ್‌ಗಿಂತ ತೆಳ್ಳಗಾಗುತ್ತದೆ. ಅದೂ ಅಲ್ಲದೆ ಆಸಿಡ್ ತೊಟ್ಟಿಯಲ್ಲಿ ಲೋಹ ಹೈಡ್ರೋಜನ್ ಕುಡಿದರೆ ಅದೊಂದು ಬೇರೆ ತಲೆನೋವು.

ಹಾಗಾದರೆ ಅಚ್ಚು ಯಾವುದರದ್ದು ಅಂತ ಕೇಳಿದೆ. ಒಳಮೈಗೆ ಇಟ್ರಿಯಾ (ಇಟ್ರಿಯಂ ಲೋಹದ ಆಕ್ಸೈಡ್) ಅಂದರು, ಭಾಳ ತುಟ್ಟಿ ಅಂತಲೂ ಸೇರಿಸಿದರು. ಇಟ್ರಿಯಾ ಒಳ್ಳೆಯ ಆಯ್ಕೆಯೇ. ಟೈಟಾನಿಯಂ ಆಕ್ಸೈಡಿಗಿಂತ ಅದು ಹೆಚ್ಚು ಗಟ್ಟಿಯಾಗಿ ಆಕ್ಸಿಜನ್ ಹಿಡಿದುಕೊಂಡಿರುತ್ತದೆ. ಲೆಕ್ಕ ನೋಡಿದರೆ ಟೈಟಾನಿಯಂ ಅದನ್ನು ಮುಟ್ಟಲೇಬಾರದು. ಆದರೆ ಟೈಟಾನಿಯಂ ಆಕ್ಸೈಡ್ ಆಗಬೇಕು ಅಂತೇನಿಲ್ಲ. ಆಕ್ಸಿಜನ್ನನ್ನು ಸಕ್ಕರೆ ಕರಗಿಸಿದಂತೆ ತನ್ನೊಳಗೆ ಕರಗಿಸಿಕೊಂಡುಬಿಡುತ್ತದೆ. ಆದ್ದರಿಂದ ಇಟ್ರಿಯಾದಿಂದಲೂ ಸ್ವಲ್ಪ ಹೋಗುತ್ತದೆ. ಹಸಿವು ತಡೆಯಲು ಆಗದು, ಕಡಿಮೆ ಮಾಡಬಹುದು ಅಷ್ಟೆ.

ಅವರು ತಂದಿದ್ದ ಸಾಮಾನುಗಳಲ್ಲಿ ಆಸಿಡ್ ಕಾಣದ ಒಂದು ರನ್ನರ್ (ಕರಗಿದ ಲೋಹ ಅಚ್ಚಿಗೆ ಹರಿಯುವ ಕಾಲುವೆ) ತುಂಡೂ ಇತ್ತು. ಅದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಅಲ್ಲಿ ತುಂಡಿನಿಂದ ಹೊಮ್ಮುವ ಎಕ್ಸ್-ರೇ ನೋಡಿ ಯಾವ ಧಾತು ಇದೆ ಅಂತ ತಿಳಿಯಬಹುದು. ಈ ಲೋಹದಲ್ಲಿ ಅದು ಕೊಡುವ ಆಕ್ಸಿಜನ್ ಲೆಕ್ಕ ಮಾತ್ರ ನಾನು ನಂಬುವುದಿಲ್ಲ. ವನೇಡಿಯಂನ ಗೆರೆ ಆಕ್ಸಿಜನ್ ಗೆರೆಯ ಮೇಲೇ ಬಂದು ಕೂರುತ್ತದೆ. ಆದರೆ ಸಿಲಿಕಾನ್ ಸ್ಪಷ್ಟವಾಗಿತ್ತು, ಅದೂ ಮೈಯ ಹತ್ತಿರವೇ. ಇಟ್ರಿಯಾ ಅಚ್ಚಿನಲ್ಲಿ ಸಿಲಿಕಾನ್ ಎಲ್ಲಿಂದ ಬಂತು?

'ಬೈಂಡರ್ ಏನು ಸರ್?'

'ಮೊದಲಿಂದಾನೂ ಕೊಲಾಯ್ಡಲ್ ಸಿಲಿಕಾನ. ಉಕ್ಕಿಗೂ ಅದ, ಇದಕ್ಕೂ ಅದ.'

ಅಷ್ಟು ದುಡ್ಡು ಕೊಟ್ಟು ತರಿಸಿದ ಇಟ್ರಿಯಾದ ಕಣಗಳನ್ನು ಒಂದಕ್ಕೊಂದು ಅಂಟಿಸಿದ್ದು ಸಿಲಿಕಾ! ತಿನ್ನಲು ಟೈಟಾನಿಯಂ ಮೊದಲು ಹುಡುಕಿದ್ದೂ ಅದನ್ನೇ. ಸರ್ ಇದನ್ನು ಕೇಳಿ ಹಣೆ ಒತ್ತಿಕೊಂಡರು. ಆಮೇಲೆ ತಟ್ಟನೆ, 'ಸುಣ್ಣದ್ದ ಅಚ್ಚು ಮಾಡಿದ್ರ?' ಅಂದರು. ತಮಾಷೆಯ ಪ್ರಶ್ನೆ ಅಲ್ಲ ಅದು. ಸುಟ್ಟ ಸುಣ್ಣ ಕೂಡ ಬಹಳ ಸ್ಥಿರವಾದ ಆಕ್ಸೈಡ್, ಅಗ್ಗ ಬೇರೆ. ತೊಂದರೆ ಏನೆಂದರೆ ಗಾಳಿಯ ತೇವ ಹೀರಿ ಅರಳಿ ಪುಡಿಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಶೆಲ್ (ಮೇಣದ ಮಾದರಿಯ ಸುತ್ತ ಕಟ್ಟುವ ಅಚ್ಚಿನ ಚಿಪ್ಪು) ಒಣಗಿಸುವ ಕೋಣೆಯಲ್ಲಿ ಅದರ ಗತಿ ಏನಾಗಬಹುದು ಅಂತ ನಾನು ಹೇಳಬೇಕಾಗಲಿಲ್ಲ. ಅವರೇ ನಕ್ಕರು.

ಬಿರುಕು ಹುಟ್ಟಿದ್ದು ಉಳಿದ ಆಲ್ಫಾ ಕೇಸ್‌ನಲ್ಲಿ ಅಂತ ರಿಪೋರ್ಟ್ ಬರೆದೆ. ಮಷೀನಿಂಗ್‌ನವರನ್ನು ದೂರಲು ಆಧಾರ ಸಿಗಲಿಲ್ಲ. ದುಡ್ಡು ಕೊಡುವ ಗಿರಾಕಿಗೆ ಇಷ್ಟವಾಗದ ಸಾಲು ಅದು, ಆದರೆ ಸರ್ ಒಂದು ಅಕ್ಷರ ಬದಲಿಸಲು ಕೇಳಲಿಲ್ಲ.

ಕೆಲ ವಾರಗಳ ಮೇಲೆ ಫೋನ್ ಬಂತು. ಒಳಮೈ ಪದರಕ್ಕೆ ಜಿರ್ಕೋನಿಯಂ ಅಸಿಟೇಟ್ ಬೈಂಡರ್ ಹಾಕಿ ನೋಡಿದ್ದರು. 'ಶೆಲ್ ರೂಮೆಲ್ಲಾ ವಿನೆಗರ್ ವಾಸನೀರೀ, ಹುಡುಗ್ರು ಒಳಗ ಬರಾಕ ಒಲ್ಲೆ ಅಂತಾರ.' ಕಳಿಸಿದ ತುಂಡು ಕತ್ತರಿಸಿ ನೋಡಿದೆ. ಬಾಸಿನಲ್ಲಿ ಪದರ ಗಣನೀಯವಾಗಿ ತೆಳ್ಳಗಾಗಿತ್ತು, ಹೋಗಿರಲಿಲ್ಲ. ಈಗ ಮೇಣದ ಮಾದರಿ ಮಾಡುವ ಡೈಯಲ್ಲೇ ಬಾಸಿನ ಮೂಲೆಗೆ ಸ್ವಲ್ಪ ದಪ್ಪ ಸೇರಿಸುತ್ತಿದ್ದಾರೆ, ಅಲ್ಲಿ ಮಾತ್ರ ಹೆಚ್ಚು ಕೆತ್ತಿ ತೆಗೆಯಲು. ಆ ಡೈ ಬರುವವರೆಗೆ ಮೂಲೆಗಳನ್ನು ಕೈಯಲ್ಲೇ ಗ್ರೈಂಡ್ ಮಾಡಿ, ಎಚ್ ಮಾಡಿ, ಬಿಳಿ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಪ್ರೆಸ್‌ಗೆ ಕೊಡುತ್ತಾರೆ.