ತೋಟದಲ್ಲಿ ಸಿಕ್ಕಿದ ಬೋಲ್ಟಿಗೆ ವಯಸ್ಸು ಹೇಳುವುದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಹಳೆ ಜೀಪು, ಅಂಬಾಸಿಡರ್ ರಿಪೇರಿ ಮಾಡುವುದು ನನ್ನ ಕೆಲಸ. ಈಗೀಗ ಮೆಟಲ್ ಡಿಟೆಕ್ಟರ್ ತರಿಸಿಕೊಂಡ ಹುಡುಗರು ಗ್ಯಾರೇಜಿಗೆ ಜಾಸ್ತಿ ಬರುತ್ತಾರೆ. ಹುಡುಕುವುದು ನಿಧಿ, ಸಿಗುವುದು ತುಕ್ಕು ಹಿಡಿದ ಬಿಡಿಭಾಗ. "ಅಣ್ಣ, ಇದು ಬ್ರಿಟಿಷರ ಕಾಲದ್ದು ಅಲ್ವಾ?" ಎಂದು ಕೇಳುತ್ತಾರೆ. ನಾನು ಹೇಳಬಲ್ಲದ್ದು ಹೆಚ್ಚಿನ ಸಲ ಇಷ್ಟೇ: ಇದು ಇಂಥ ವರ್ಷಕ್ಕಿಂತ ಹಳತಲ್ಲ.

ವೈರ್ ಬ್ರಶ್ಶಿನಲ್ಲಿ ಉಜ್ಜಿ ತರಬೇಡಿ. ನಮ್ಮ ಮುರಕಲ್ಲಿನ ಮಣ್ಣು, ಈ ಮಳೆ ಸೇರಿದರೆ ಕಬ್ಬಿಣ ಬೇಗ ತಿಂದು ಹೋಗುತ್ತದೆ. ಒತ್ತಿದ ಅಕ್ಷರ ಮೊದಲೇ ತೆಳು. ತುಕ್ಕಿನ ಜೊತೆ ಅದೂ ಹೋದರೆ ಉಳಿಯುವುದು ಗುಜರಿ. ನೀರಲ್ಲಿ ನೆನೆಸಿ, ಮೆತ್ತಗಿನ ಬ್ರಶ್ಶಿನಲ್ಲಿ ಮಣ್ಣು ತೆಗೆಯಿರಿ. ಆಮೇಲೆ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ.

ಉಬ್ಬಿ ನಿಂತ ದೊಡ್ಡ ನಂಬರ್ ಎರಕದ ಅಚ್ಚಿನದು. ಒಂದೇ ಅಚ್ಚು ವರ್ಷಗಟ್ಟಲೆ ನಡೆಯುತ್ತದೆ. ಆ ನಂಬರಿನೊಳಗೆ 1942 ಎಂದು ಕಂಡ ಕೂಡಲೇ ಅದೇ ವರ್ಷವೆಂದು ಕುಣಿಯುವವರಿದ್ದಾರೆ. ನೋಡಬೇಕಾದ್ದು ಚಿಕ್ಕದಾಗಿ ಒತ್ತಿದ ಅಂಕಿ. ಬ್ರಿಟಿಷ್ ಕಂಪೆನಿ ಲ್ಯೂಕಾಸಿನ ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಮೇಲೆ 1165 ಎಂದಿದ್ದರೆ ಅದು 1965ರ ಹನ್ನೊಂದನೇ ವಾರ. ಲ್ಯೂಕಾಸ್ ಟಿವಿಎಸ್ ಎಂದಿದ್ದರೆ ಅಂಕಿ ಅಳಿಸಿ ಹೋಗಿದ್ದರೂ ಚಿಂತೆಯಿಲ್ಲ. ಮದ್ರಾಸಿನಲ್ಲಿ ಆ ಕಂಪೆನಿ ಶುರುವಾದದ್ದೇ 1961ರಲ್ಲಿ.

ನನಗೆ ಜಾಸ್ತಿ ನಂಬಿಕೆ ತ್ರೆಡ್ಡಿನ, ಅಂದರೆ ತಿರುಪಿನ ಸುತ್ತುಗಳ ಮೇಲೆ. ಬೋಲ್ಟಿನ ತಲೆ ತುಕ್ಕಿನಿಂದ ಸವೆದಿರುತ್ತದೆ, ಸ್ಪ್ಯಾನರ್ ಹಾಕಿ ಅಳೆದು ಪ್ರಯೋಜನವಿಲ್ಲ. ನಟ್ಟಿನ ಒಳಗಿನ ತ್ರೆಡ್ಡು ಮಾತ್ರ ಎಷ್ಟೋ ಸಲ ಉಳಿದಿರುತ್ತದೆ. 5/16 ಇಂಚಿನದಕ್ಕೆ ತ್ರೆಡ್ ಅಳೆಯುವ ಗೇಜ್ ಹಿಡಿಯಿರಿ. ಇಂಚಿಗೆ 22 ಸುತ್ತು ಬಂದರೆ ಬಿಎಸ್ಎಫ್ ಎನ್ನುವ ಹಳೆ ಬ್ರಿಟಿಷ್ ಅಳತೆ. 24 ಬಂದರೆ ಯುಎನ್ಎಫ್ ಎನ್ನುವ ಅಳತೆ. ಇಂಗ್ಲೆಂಡ್, ಅಮೆರಿಕ, ಕೆನಡಾ ಮೂರೂ ಸೇರಿ ಈ ಅಳತೆಗೆ ಒಪ್ಪಿದ್ದು 1948ರಲ್ಲಿ. ಹಾಗಾಗಿ ಬ್ರಿಟಿಷ್ ಗಾಡಿಯ ನಟ್ಟು 24 ಆಗಿದ್ದರೆ ಅದಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಅಮೆರಿಕದ ಗಾಡಿಗೆ ಈ ಲೆಕ್ಕ ನಡೆಯುವುದಿಲ್ಲ. ಅವರಲ್ಲಿ ಮೊದಲಿನಿಂದಲೂ 24 ಇತ್ತು. ಮಿಲಿಮೀಟರ್ ತ್ರೆಡ್ಡು ಕಂಡರೆ ಸುಮ್ನೆ ಮಾರುತಿ ಎನ್ನಬೇಡಿ. ಮಾರುತಿ ಬಂದದ್ದು 1983ರ ಕೊನೆಗೆ. ಅದಕ್ಕೂ ಮೊದಲಿನ ಪದ್ಮಿನಿ ಕಾರು ಮೂಲದಲ್ಲಿ ಇಟಲಿಯ ಫಿಯೆಟ್, ಅದರಲ್ಲೂ ಮಿಲಿಮೀಟರೇ.

ಇಷ್ಟೆಲ್ಲಾ ನೋಡಿ ಹೇಳುವುದು ಆ ತುಂಡಿನ ವಯಸ್ಸು, ಗಾಡಿಯದ್ದಲ್ಲ. ನಮ್ಮ ಕಡೆ ಜೀಪಿಗೆ ಸಿಕ್ಕಿದ್ದು ಹಾಕಿ ಓಡಿಸುವುದೇ ರೂಢಿ. ಬಾನೆಟ್ ಒಂದರದ್ದು, ಆಕ್ಸಲ್ ಇನ್ನೊಂದರದ್ದು. ನಂಬರ್ ಪ್ಲೇಟೂ ಅಷ್ಟೆ. ನಮ್ಮ ಕಾಸರಗೋಡಿನ ಕೆಎಲ್ 14 ಎಂದಿದ್ದರೆ ಪ್ಲೇಟು 1989ರ ನಂತರದ್ದು, ಅದರ ಹಿಂದಿದ್ದ ಜೀಪು ಎಷ್ಟು ಹಳತೋ.

ಒಂದು ಮಾತು, ಬೇಕಲ ಕೋಟೆಯಂಥ ಸಂರಕ್ಷಿತ ಜಾಗದಲ್ಲಿ ಡಿಟೆಕ್ಟರ್ ಹಿಡಿದು ಅಗೆಯಲು ಹೋಗಬೇಡಿ. ತೋಟದಲ್ಲಿ ನಿಜವಾಗಿ ನಿಧಿಯೇ ಸಿಕ್ಕಿದರೂ ಕೇರಳದ 1968ರ ಕಾನೂನಿನ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು.

ಜೀಪಿನ ಬೋಲ್ಟಿನ ತಲೆ ಮೇಲೆ 'ಎಫ್' ಅಕ್ಷರ ಇದ್ದರೆ ನಾನೂ ಕನ್ನಡಕ ಹಾಕುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಫೋರ್ಡ್ ಮಾಡಿದ ಜೀಪುಗಳಲ್ಲಿ ಆ ಗುರುತು ಇರುತ್ತಿತ್ತು. ಆದರೆ ಅದೇ ಗುರುತಿನ ಹೊಸ ಬೋಲ್ಟುಗಳೂ ಈಗ ಮಾರಾಟಕ್ಕಿವೆ. ಹಾಗಾಗಿ ಅದನ್ನು ತಂದವರಿಗೆ ನಾನು ಮೊದಲು ಕೇಳುವುದು, ಎಷ್ಟು ಆಳದಲ್ಲಿ ಸಿಕ್ಕಿತು, ಜೊತೆಗೆ ಇನ್ನೇನಿತ್ತು ಎಂದು.