ದೋಣಿ ಡೈರಿ, ಆರನೇ ವಾರ: ಬೀಜಾಡಿಯಲ್ಲಿದ್ದವನು ಭಟ್ಕಳಕ್ಕೆ ಹೋದದ್ದು

ಈ ವಾರ ಎಂಜಿನ್ ಮುಟ್ಟಲಿಲ್ಲ, ಬಣ್ಣವೂ ಇಲ್ಲ. ನನ್ನ ಹದಿನೈದು ಅಡಿಯ ಫೈಬರ್ ದೋಣಿ ಕೊನೆಗೂ ಗಂಗೊಳ್ಳಿ ಅಳಿವೆ ದಾಟಿ ಹೋಗಿ ಬರುವ ಹಾಗಾಗಿದೆ. ಹೊರಗೆ ಹೋದಮೇಲೆ ಕೆಟ್ಟು ನಿಂತರೆ ಏನು ಮಾಡೋದು? ಆ ಕೆಲಸ ಹಿಡಿದೆ.

ಮಾವನನ್ನು ಕರೆದು ಸಾಮಾನೆಲ್ಲ ತೋರಿಸಿದೆ. ಟ್ರಾಲ್ ಬೋಟಿನಲ್ಲಿ ವರ್ಷಗಟ್ಟಲೆ ದುಡಿದವರು. ಲೈಫ್ ಜಾಕೆಟ್, ಪೀಪಿ, ಟಾರ್ಚ್ ಯಾವುದನ್ನೂ ಸರಿಯಾಗಿ ನೋಡಲೇ ಇಲ್ಲ.

"ಲಂಗರಿಗೆ ಹಗ್ಗ ಎಷ್ಟುಂಟು?"

"ಇಪ್ಪತ್ತು ಮೀಟರ್."

"ಅದು ಬಾವಿಗೆ ಸಾಕು."

ಹತ್ತು ಮೀಟರ್ ಆಳಕ್ಕೆ ಕಡಿಮೆ ಅಂದರೂ ಐವತ್ತು ಮೀಟರ್ ಹಗ್ಗ ಬಿಡಬೇಕಂತೆ. ಹಗ್ಗ ನೆಟ್ಟಗೆ ನಿಂತರೆ ಲಂಗರು ಕಿತ್ತು ಬರುತ್ತದೆ, ಓರೆಯಾಗಿ ಎಳೆದರೆ ಮಾತ್ರ ಮಣ್ಣಿಗೆ ಕಚ್ಚುತ್ತದೆ. ಬೆಳಿಗ್ಗೆ ಬೀಸುವುದು ಮೂಡಗಾಳಿ. ಎಂಜಿನ್ ನಿಂತರೆ ದೋಣಿ ದಡಕ್ಕೆ ಬರುವುದಿಲ್ಲ, ಇನ್ನೂ ಹೊರಗೇ ಹೋಗುತ್ತದೆ. ಹಾಗಾಗಿ ಮೊದಲು ಲಂಗರು, ಆಮೇಲೆ ಫೋನು. ಅರವತ್ತು ಮೀಟರ್ ಹಗ್ಗಕ್ಕೆ ಹೇಳಿದ್ದೇನೆ.

ಫೋನ್ ನಂಬರುಗಳು ಸುಲಭ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ಆದರೆ ಪ್ಲಾಸ್ಟಿಕ್ ಚೀಲದೊಳಗಿನ ಫೋನಿಗೆ ಒದ್ದೆ ಬೆರಳು ತಾಗಿಸಿದರೆ ಅದು ಕೇಳುವುದೇ ಇಲ್ಲ. ಮನೆಯ ಬಕೆಟ್ ನೀರಿನಲ್ಲೇ ಗೊತ್ತಾಯಿತು. ಈಗ ಎರಡೂ ನಂಬರ್ ಸ್ಪೀಡ್ ಡಯಲ್‌ನಲ್ಲಿವೆ.

ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೋ ಸೆಟ್ಟಿನ ಲೈಸೆನ್ಸ್ ಇನ್ನೂ ಬಂದಿಲ್ಲ. ಹಾಗಾಗಿ ಆಫ್ ಮಾಡಿಟ್ಟೇ ಅಭ್ಯಾಸ. ಲೈಸೆನ್ಸ್ ಇದ್ದರೂ ಸುಮ್ನೆ ಅಭ್ಯಾಸಕ್ಕೆಂದು ಆಪತ್ತಿನ ಕರೆಯ ಚಾನೆಲ್ 16ರಲ್ಲಿ ಮೇಡೇ (ಜೀವಕ್ಕೆ ಅಪಾಯ, ಕಾಪಾಡಿ ಅನ್ನುವ ಕರೆ) ಕೂಗುವ ಹಾಗಿಲ್ಲ ಬಿಡಿ. ಮೇಡೇ ಮೂರು ಸಲ, ದೋಣಿ ಹೆಸರು ಮೂರು ಸಲ, ಆಮೇಲೆ ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ. ಬರೀ ಎಂಜಿನ್ ಕೆಟ್ಟು ಜೀವಕ್ಕೆ ಅಪಾಯ ಇಲ್ಲದಿದ್ದರೆ ಮೇಡೇ ಅಲ್ಲ, ಪ್ಯಾನ್-ಪ್ಯಾನ್, ಅಂದರೆ ತುರ್ತು ಸಹಾಯ ಬೇಕು ಅನ್ನುವ ಕರೆ. ಕೈಯಲ್ಲಿ ಹಿಡಿಯುವ 5 ವ್ಯಾಟ್ ಸೆಟ್ಟು, ಅದೂ ಕೂತಲ್ಲಿಂದ. ಇನ್ನೊಂದು ಚಿಕ್ಕ ದೋಣಿಗೆ ಏಳೆಂಟು ಕಿಲೋಮೀಟರ್ ಕೇಳಿಸಿದರೆ ಪುಣ್ಯ.

ಆಪತ್ತಿನಲ್ಲಿ ತಾನೇ ಸಂಕೇತ ಕಳಿಸುವ 406 ಮೆಗಾಹರ್ಟ್ಸ್ ಬೀಕನ್ ಆಸೆ ಇದೆ, ದುಡ್ಡು ಇಲ್ಲ. ಅದರ ಕೂಗು ಉಪಗ್ರಹ ಹತ್ತಿ ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಕೋಸ್ಟ್ ಗಾರ್ಡಿಗೆ ಬರುತ್ತದೆ. ಕುಂದಾಪುರದ ಕಡಲಲ್ಲಿ ಮುಳುಗುತ್ತಿರುವವನ ಕೂಗು ಮೊದಲು ಕೇಳುವುದು ಕಡಲೇ ಇಲ್ಲದ ಊರಿಗೆ!

ಭಾನುವಾರ ಪರೀಕ್ಷೆ. ಕುಂದಾಪುರದ ಹತ್ತಿರದ ಬೀಜಾಡಿ ಎದುರು ಮೂರ್ನಾಲ್ಕು ಕಿಲೋಮೀಟರ್ ಹೊರಗೆ ನಿಂತು ಮನೆಗೆ ಫೋನ್ ಮಾಡಿದೆ. ಹೆಂಡತಿಯೇ ಕೋಸ್ಟ್ ಗಾರ್ಡ್. ಎಲ್ಲಿದ್ದೀರಿ ಅಂದಳು. ಪರದೆ ನೋಡಿ ಅಕ್ಷಾಂಶ "ಉತ್ತರ ಹದಿಮೂರು, ಐವತ್ತೊಂಬತ್ತು" ಅಂತ ಓದಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ರೀ, ನೀವು ಭಟ್ಕಳಕ್ಕೆ ಯಾವಾಗ ಹೋದ್ರಿ?"

ತಪ್ಪು ನನ್ನದೇ. ಪರದೆಯಲ್ಲಿದ್ದದ್ದು 13.59 ಡಿಗ್ರಿ. ನಾನು ಚುಕ್ಕಿ ನುಂಗಿದೆ, ಅವಳು 13 ಡಿಗ್ರಿ 59 ನಿಮಿಷ ಅಂತ ಬರೆದುಕೊಂಡಳು. ಒಂದು ಡಿಗ್ರಿಗೆ ಅರವತ್ತು ನಿಮಿಷ, ಹಾಗಾಗಿ 13.59 ಅಂದರೆ 13 ಡಿಗ್ರಿ 35.4 ನಿಮಿಷ. ವ್ಯತ್ಯಾಸ ನಲವತ್ತು ಕಿಲೋಮೀಟರಿಗೂ ಜಾಸ್ತಿ. ನಾನು ಇಲ್ಲಿ ತೇಲುತ್ತಿರುತ್ತೇನೆ, ಹುಡುಕುವವರು ಅಲ್ಲಿ ಸುತ್ತುತ್ತಿರುತ್ತಾರೆ. ಒಂದು ಚುಕ್ಕಿಗೆ!

ಸಂಜೆಯೇ ಫೋನು, ಜಿಪಿಎಸ್ ಎರಡನ್ನೂ ಡಿಗ್ರಿ-ನಿಮಿಷಕ್ಕೆ ಬದಲಾಯಿಸಿದೆ. ಹೇಳಬೇಕಾದ ಮಾತನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಸೀಟಿನ ಬದಿಗೆ ಅಂಟಿಸಿದೆ. ಕೊನೆಯ ಸಾಲು ಮಾವನದು: "ನಂಬರ್ ಹೇಳಿದ ಮೇಲೆ ಊರಿನ ಹೆಸರೂ ಹೇಳು. ಬೀಜಾಡಿಗೆ ಪಡುವಣ, ದಡದಿಂದ ಇಷ್ಟು ದೂರ."

ಫ್ರಿಜ್ ಮೇಲೂ ಒಂದು ಚೀಟಿ ಇದೆ. ಹೊರಟ ಹೊತ್ತು, ಹೋಗುವ ದಿಕ್ಕು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ 1554ಕ್ಕೆ ಹೇಳಬೇಕು ಅಂತ. ಹನ್ನೊಂದು ಅಂತ ಬರೆದಿದ್ದೆ, ಹೆಂಡತಿ ಹೊಡೆದು ಹತ್ತೂವರೆ ಮಾಡಿದ್ದಾಳೆ.